ಪೂರ್ವ ಏಷ್ಯಾದ ದೇಶಗಳಿಂದ ಅಮೆರಿಕಕ್ಕೆ ಹೋಗುವ ವಲಸಿಗರ ಪ್ರಮಾಣದಲ್ಲಿ ಇಷ್ಟೊಂದು ವ್ಯತ್ಯಾಸವೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಲಸೆಯ ಇತಿಹಾಸವನ್ನು ಆಸಕ್ತಿಯಿಂದ ಓದುತ್ತಿರುವ ನನಗೆ ಒಂದು ಸಂಗತಿ ಬಗೆಹರಿಯುತ್ತಿಲ್ಲ. ಚೀನಾ, ಜಪಾನ್, ದಕ್ಷಿಣ ಕೊರಿಯಾ ಮತ್ತು ತೈವಾನ್ ಅಕ್ಕಪಕ್ಕದ ನಾಡುಗಳು. ಪ್ರಾಚೀನ ಚೀನಾದ ತತ್ವಜ್ಞಾನಿ ಕನ್‌ಫ್ಯೂಷಿಯಸ್‌ನ ವಿಚಾರಗಳ ಪ್ರಭಾವ, ಓದಿಗೆ ಕೊಡುವ ಮಹತ್ವ, ಕುಟುಂಬದ ಕಟ್ಟುಪಾಡು ಹೀಗೆ ಅವುಗಳ ನಡುವೆ ಹೋಲಿಕೆಗಳು ಬಹಳ. ಆದರೆ ಅಮೆರಿಕದಲ್ಲಿ ಕಾಯಂ ವಾಸಕ್ಕೆ ಅನುಮತಿ, ಅಂದರೆ ಗ್ರೀನ್ ಕಾರ್ಡ್, ಪಡೆಯುವವರ ಲೆಕ್ಕವನ್ನು ನೋಡಿದರೆ ಈ ಹೋಲಿಕೆಯ ಸುಳಿವೂ ಸಿಗುವುದಿಲ್ಲ. ಕೋವಿಡ್ ಬರುವ ಮುಂಚಿನ ವರ್ಷವಾದ 2019ನ್ನು ತೆಗೆದುಕೊಂಡರೆ ಚೀನಾದಲ್ಲಿ ಹುಟ್ಟಿದ ಸುಮಾರು 60 ಸಾವಿರ ಜನರಿಗೆ, ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ ಸುಮಾರು 18 ಸಾವಿರ ಜನರಿಗೆ ಗ್ರೀನ್ ಕಾರ್ಡ್ ಸಿಕ್ಕಿದೆ. ಜಪಾನ್ ಮತ್ತು ತೈವಾನಿನವರ ಸಂಖ್ಯೆ ತಲಾ 5 ಸಾವಿರದ ಆಸುಪಾಸಿನಲ್ಲಿದೆ.

ಇದಕ್ಕಿಂತಲೂ ವಿಚಿತ್ರವಾಗಿ ಕಂಡದ್ದು ಇನ್ನೊಂದು. 1970ರ ಅಮೆರಿಕದ ಜನಗಣತಿಯಲ್ಲಿ ಏಷ್ಯಾ ಮೂಲದ ಸಮುದಾಯಗಳ ಪೈಕಿ ಎಲ್ಲಕ್ಕಿಂತ ದೊಡ್ಡದು ಜಪಾನಿ ಮೂಲದವರದು. ಅವರು ಸುಮಾರು 5.9 ಲಕ್ಷ ಇದ್ದರು. ಚೀನೀಯರು ಸುಮಾರು 4.35 ಲಕ್ಷ, ಕೊರಿಯನ್ನರು ಬರೀ 70 ಸಾವಿರದಷ್ಟು. ಈಗಿನ ಚಿತ್ರ ಇದಕ್ಕೆ ಸಂಪೂರ್ಣ ತಿರುಗುಮುರುಗು. ಜಪಾನೀಯರು ಸ್ವಭಾವತಃ ಊರು ಬಿಡಲೊಲ್ಲದವರು, ಚೀನೀಯರು ವ್ಯಾಪಾರಕ್ಕಾಗಿ ಎಲ್ಲಿಗಾದರೂ ಹೋಗುವವರು ಎಂಬ ವಿವರಣೆಯನ್ನು ಹಲವು ಕಡೆ ಓದಿದ್ದೇನೆ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಸ್ವಭಾವವೊಂದೇ ಕಾರಣವಾಗಬಲ್ಲದೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಹೋಗುವ ಮುನ್ನ ನೀವು ಕೊಟ್ಟ ಅಂಕಿಗಳನ್ನೇ ಇನ್ನೊಂದು ಬಗೆಯಲ್ಲಿ ಜೋಡಿಸಿ ನೋಡೋಣ. ಒಟ್ಟು ಸಂಖ್ಯೆ ಒಂದು, ಪ್ರಮಾಣ ಇನ್ನೊಂದು. ಚೀನಾದ ಜನಸಂಖ್ಯೆ 140 ಕೋಟಿ, ಜಪಾನಿನದು ಸುಮಾರು 12.5 ಕೋಟಿ, ದಕ್ಷಿಣ ಕೊರಿಯಾದ್ದು ಐದು ಕೋಟಿಗೆ ಸ್ವಲ್ಪ ಹೆಚ್ಚು, ತೈವಾನಿನದು ಸುಮಾರು 2.3 ಕೋಟಿ. ತಾಯ್ನಾಡಿನ ಪ್ರತಿ ಹತ್ತು ಲಕ್ಷ ಜನರಿಗೆ ಎಷ್ಟು ಗ್ರೀನ್ ಕಾರ್ಡ್ ಎಂದು ಭಾಗಿಸಿದರೆ ದಕ್ಷಿಣ ಕೊರಿಯಾಕ್ಕೆ ಸುಮಾರು 350, ತೈವಾನಿಗೆ 200ಕ್ಕಿಂತ ಹೆಚ್ಚು ಬರುತ್ತದೆ. ಚೀನಾಕ್ಕೂ ಜಪಾನಿಗೂ ಬರುವುದು ಹೆಚ್ಚುಕಡಿಮೆ ಒಂದೇ ಅಂಕಿ, ಅಂದರೆ ನಲವತ್ತರ ಆಚೀಚೆ. ಎಲ್ಲಿಗಾದರೂ ಹೊರಟು ನಿಲ್ಲುವವರೆಂದು ಹೆಸರಾದ ಚೀನೀಯರೂ ಮನೆ ಬಿಡದವರೆಂದು ಹೆಸರಾದ ಜಪಾನೀಯರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆಂದ ಮೇಲೆ ಸ್ವಭಾವದ ವಿವರಣೆಯನ್ನು ಇಲ್ಲಿಗೇ ಕೈಬಿಡಬಹುದು.

ಜಪಾನೀಯರು ಊರು ಬಿಡುವವರಲ್ಲ ಎಂಬ ಮಾತಂತೂ ಇತಿಹಾಸದ ಎದುರು ನಿಲ್ಲುವುದೇ ಇಲ್ಲ. 1868ರಲ್ಲಿ ಜಪಾನಿನಲ್ಲಿ ಶುರುವಾದ ಮೇಜಿ ಆಡಳಿತದ ಭೂಕಂದಾಯದ ಸುಧಾರಣೆ ಮತ್ತು 1880ರ ದಶಕದ ಬೆಲೆ ಕುಸಿತದಿಂದ ನೆಲ ಕಳೆದುಕೊಂಡ ರೈತರು 1885ರಿಂದ ಸರ್ಕಾರದ ಒಪ್ಪಂದದ ಮೇಲೆಯೇ ಹವಾಯಿಯ ಕಬ್ಬಿನ ತೋಟಗಳಿಗೆ ಹೊರಟರು. ಅಲ್ಲಿಂದ 1924ರವರೆಗೆ ಹವಾಯಿಗೆ ಸುಮಾರು ಎರಡು ಲಕ್ಷ ಮತ್ತು ಅಮೆರಿಕದ ಮುಖ್ಯ ಭೂಭಾಗಕ್ಕೆ ಸುಮಾರು 1.8 ಲಕ್ಷ ಜಪಾನೀಯರು ಹೋದರು. ಅಮೆರಿಕದೊಡನೆ ಆದ 1907–08ರ ಒಪ್ಪಂದದಲ್ಲಿ, ಕಾರ್ಮಿಕರಿಗೆ ಪಾಸ್‌ಪೋರ್ಟ್ ಕೊಡುವುದಿಲ್ಲವೆಂದು ಜಪಾನ್ ಸರ್ಕಾರವೇ ಮಾತು ಕೊಟ್ಟಿತು; 1924ರ ಅಮೆರಿಕದ ಕಾಯ್ದೆ ಉಳಿದ ದಾರಿಯನ್ನೂ ಮುಚ್ಚಿತು. ಹಾಗೆಂದು ಅವರು ಮನೆಯಲ್ಲೇ ಕುಳಿತರೇ? 1908ರಲ್ಲಿ ಕಸಾಟೊ ಮಾರು ಹಡಗು 781 ಜನರನ್ನು ಬ್ರೆಜಿಲ್ಲಿನ ಸಾಂಟೋಸ್ ಬಂದರಿನಲ್ಲಿ ಇಳಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸುಮಾರು 1.9 ಲಕ್ಷ ಜಪಾನೀಯರು ಆ ದೇಶಕ್ಕೆ ಹೋಗಿದ್ದರು. ಪೆರುವಿಗೆ ಹೋದವರು ಬೇರೆ, ಈಶಾನ್ಯ ಚೀನಾದ ಮಂಚೂರಿಯಾಕ್ಕೆ ಸರ್ಕಾರವೇ ಕಳಿಸಿದ ಎರಡೂವರೆ ಲಕ್ಷಕ್ಕೂ ಮೀರಿದ ರೈತರು ಬೇರೆ. ಇಂದು ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚಾಗಿರುವುದು ಬ್ರೆಜಿಲ್ಲಿನಲ್ಲಿ ಎಂಬುದಕ್ಕೆ ಮುಖ್ಯ ಕಾರಣ, ಹೊರಡುವ ಕಾಲದಲ್ಲಿ ಅಮೆರಿಕದ ಬಾಗಿಲು ಹಾಕಿತ್ತು ಎಂಬುದೇ.

ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಇದು: ಒಂದು ದೇಶದ ಜನರು ಹೊರಡಲು ಬಯಸಿದ ಕಾಲವೂ ಅಮೆರಿಕದ ಕಾನೂನು ಅವರನ್ನು ಒಳಗೆ ಬಿಟ್ಟ ಕಾಲವೂ ಎಷ್ಟು ವರ್ಷ ಒಂದರ ಮೇಲೊಂದು ಕೂಡಿ ಬಂದವು? ನಾಲ್ಕು ದೇಶಗಳ ನಡುವಿನ ವ್ಯತ್ಯಾಸದ ಬಹುಪಾಲು ಈ ಕೂಡಿಕೆಯಲ್ಲಿದೆ.

ಅಮೆರಿಕದ ಕಡೆಯ ಕಾಲಕ್ರಮ ಹೀಗಿದೆ. 1882ರ ಚೀನೀ ಬಹಿಷ್ಕಾರ ಕಾಯ್ದೆ ಚೀನೀ ಕಾರ್ಮಿಕರನ್ನು ತಡೆಯಿತು. ಅದನ್ನು ರದ್ದು ಮಾಡಿದ್ದು 1943ರಲ್ಲಿ, ಅದೂ ಯುದ್ಧದಲ್ಲಿ ಚೀನಾ ಮಿತ್ರದೇಶವಾಗಿದ್ದ ಮುಲಾಜಿಗೆ; ಹಾಗೆ ತೆರೆದ ಬಾಗಿಲಿನ ಅಗಲವೂ ವರ್ಷಕ್ಕೆ 105 ಜನ! 1952ರ ಕಾಯ್ದೆ ಜಪಾನಿಗೆ 185, ಕೊರಿಯಾಕ್ಕೆ 100 ಎಂದು ಸಾಂಕೇತಿಕ ಕೋಟಾ ಕೊಟ್ಟಿತು. 1965ರಲ್ಲಿ ಬಂದ ಹೊಸ ಕಾಯ್ದೆ ಜನಾಂಗದ ಆಧಾರದ ಕೋಟಾಗಳನ್ನು ತೆಗೆದುಹಾಕಿ, ಪೂರ್ವ ಗೋಳಾರ್ಧದ ಪ್ರತಿ ದೇಶಕ್ಕೂ ವರ್ಷಕ್ಕೆ 20 ಸಾವಿರದ ಸಮಾನ ಮಿತಿಯನ್ನು ಇಟ್ಟಿತು. ಬಂಧುಗಳಿಗೂ ವೃತ್ತಿಪರರಿಗೂ ಆದ್ಯತೆ ಕೊಟ್ಟು, ಅಮೆರಿಕದ ಪ್ರಜೆಗಳ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮತ್ತು ತಂದೆತಾಯಿಯರನ್ನು ಆ ಮಿತಿಯಿಂದಲೇ ಹೊರಗಿಟ್ಟಿತು.

ಆ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದದ್ದು 1968ರ ಜುಲೈನಲ್ಲಿ. ಅದೇ 1968ರಲ್ಲಿ ಜಪಾನ್ ಪಶ್ಚಿಮ ಜರ್ಮನಿಯನ್ನು ಹಿಂದಿಕ್ಕಿ ಕಮ್ಯುನಿಸ್ಟೇತರ ಜಗತ್ತಿನ ಎರಡನೇ ದೊಡ್ಡ ಅರ್ಥವ್ಯವಸ್ಥೆಯಾಯಿತು. ಬಾಗಿಲು ತೆರೆಯುವ ಹೊತ್ತಿಗೆ ಜಪಾನೀಯರಿಗೆ ಹೊರಡುವ ಅಗತ್ಯವೇ ಮುಗಿದಿತ್ತು. ಹಳ್ಳಿ ಬಿಟ್ಟ ಯುವಕರನ್ನು ಟೋಕಿಯೊ, ನಗೋಯಾ ಮತ್ತು ಒಸಾಕದ ಕಾರ್ಖಾನೆಗಳು ಸೆಳೆದುಕೊಳ್ಳುತ್ತಿದ್ದವು. ಅದೇ ಹೊತ್ತಿನಲ್ಲಿ ದಕ್ಷಿಣ ಕೊರಿಯಾದ ತಲಾ ಆದಾಯ ವರ್ಷಕ್ಕೆ ನೂರಿನ್ನೂರು ಡಾಲರುಗಳ ಮಟ್ಟದಲ್ಲಿತ್ತು. ಚೀನಾದ ಮುಖ್ಯ ಭೂಭಾಗದವರು ಹೋಗಬಯಸಿದರೂ ಅವರ ಸರ್ಕಾರ ಬಿಡುತ್ತಿರಲಿಲ್ಲ. ಹೀಗಾಗಿ ಹೊಸ ಕಾನೂನಿನ ಮೊದಲ ಎರಡು ದಶಕಗಳ ಫಲವನ್ನು ಪೂರ್ವ ಏಷ್ಯಾದಲ್ಲಿ ಪೂರ್ತಿಯಾಗಿ ಉಂಡವರು ಕೊರಿಯನ್ನರು ಮತ್ತು ತೈವಾನಿನವರು.

1970ರ ಜನಗಣತಿಯ ಒಗಟೂ ಇದರಿಂದ ಬಿಡುತ್ತದೆ. ಆಗ ಎಣಿಸಿದ ಜಪಾನಿ ಮೂಲದವರಲ್ಲಿ ಬಹುಪಾಲು ಜನ 1924ಕ್ಕೆ ಮುಂಚೆ ಬಂದವರ ಮಕ್ಕಳು ಮತ್ತು ಮೊಮ್ಮಕ್ಕಳು. ಅವರ ಹಿಂದೆ ಹೊಸಬರು ಬರಲಿಲ್ಲ. ಇಂದಿಗೂ ಜಪಾನಿ ಅಮೆರಿಕನ್ನರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಅಮೆರಿಕದಲ್ಲೇ ಹುಟ್ಟಿದವರು.

ಉತ್ತರ 2

ಮೇಲಿನ ಉತ್ತರದ ಮುಖ್ಯ ವಾದವನ್ನು ಒಪ್ಪುತ್ತೇನೆ. ಆದರೆ ಕೊರಿಯಾದ ಅಂಕಿ ಉಳಿದೆಲ್ಲವನ್ನೂ ಮೀರಿ ನಿಂತಿರುವುದಕ್ಕೆ ಬಡತನ ಮತ್ತು ಹೊಸ ಕಾನೂನು ಎರಡೇ ಸಾಲವು. ಬಡ ದೇಶಗಳು ಆಗ ಹಲವಿದ್ದವು. ಕೊರಿಯಾದ ವಿಶೇಷವೆಂದರೆ, ಕಾನೂನು ಬದಲಾಗುವ ಮುನ್ನವೇ ಅಮೆರಿಕದಲ್ಲಿ ಅದಕ್ಕೆ ನೆಂಟಸ್ತಿಕೆ ಬೆಳೆದಿತ್ತು.

ಕೊರಿಯನ್ನರ ಮೊದಲ ವಲಸೆ ಬಹಳ ಚಿಕ್ಕದು. 1903ರ ಜನವರಿಯಲ್ಲಿ ಗೇಲಿಕ್ ಹಡಗಿನಲ್ಲಿ ನೂರರಷ್ಟು ಜನ ಹೊನೊಲುಲು ತಲುಪಿದರು. 1905ರ ವೇಳೆಗೆ ಏಳು ಸಾವಿರದಷ್ಟು ಜನ ಹವಾಯಿ ಸೇರಿದ್ದರು. ಅದೇ ವರ್ಷ ಕೊರಿಯಾ ಜಪಾನಿನ ರಕ್ಷಿತ ರಾಜ್ಯವಾಗಿ ಆ ದಾರಿ ನಿಂತುಹೋಯಿತು. ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ ಊರು ಬಿಟ್ಟ ಕೊರಿಯನ್ನರು ಹೋದದ್ದು ಮಂಚೂರಿಯಾಕ್ಕೆ, ಜಪಾನಿಗೆ ಮತ್ತು ರಷ್ಯಾದ ಪೂರ್ವ ಅಂಚಿಗೆ. ರಷ್ಯಾದ ಕೊರಿಯನ್ನರನ್ನು 1937ರಲ್ಲಿ ಸ್ಟಾಲಿನ್ ಆಡಳಿತ ಕಝಾಕ್‌ಸ್ತಾನ ಮತ್ತು ಉಜ್ಬೇಕಿಸ್ತಾನಗಳಿಗೆ ಒಕ್ಕಲೆಬ್ಬಿಸಿತು, ಅವರು 1.7 ಲಕ್ಷಕ್ಕೂ ಹೆಚ್ಚು ಜನ. ಅಮೆರಿಕದ ಲೆಕ್ಕದಲ್ಲಿ ಇವರು ಯಾರೂ ಕಾಣುವುದಿಲ್ಲ.

ಚಿತ್ರ ಬದಲಾದದ್ದು 1950–53ರ ಕೊರಿಯಾ ಯುದ್ಧದಿಂದ. ಅಮೆರಿಕದ ಸೇನೆ ಅಲ್ಲೇ ನೆಲೆ ನಿಂತಿತು. ಸೈನಿಕರನ್ನು ಮದುವೆಯಾಗಿ ಹೋದ ಕೊರಿಯನ್ ಹೆಣ್ಣುಮಕ್ಕಳ ಸಂಖ್ಯೆ ಮುಂದಿನ ನಾಲ್ಕು ದಶಕಗಳಲ್ಲಿ ಲಕ್ಷದ ಸಮೀಪಕ್ಕೆ ಮುಟ್ಟಿತು. ಜಪಾನಿನಿಂದಲೂ ಹೀಗೆ ನಲವತ್ತು ಸಾವಿರದಷ್ಟು ಹೆಣ್ಣುಮಕ್ಕಳು ಹೋಗಿದ್ದರು, ಆದರೆ 1965ರ ನಂತರ ಅವರ ತಮ್ಮ ತಂಗಿಯರಿಗೆ ಅಮೆರಿಕಕ್ಕೆ ಬರುವ ತುರ್ತು ಇರಲಿಲ್ಲ. ಕೊರಿಯನ್ ಹೆಂಗಸರ ವಿಷಯ ಹಾಗಲ್ಲ. ಪೌರತ್ವ ಪಡೆದ ಅಕ್ಕ ತಂದೆತಾಯಿಯರನ್ನೂ ಒಡಹುಟ್ಟಿದವರನ್ನೂ ಕರೆಸಿಕೊಳ್ಳಲು ಹೊಸ ಕಾಯ್ದೆ ಅವಕಾಶ ಕೊಟ್ಟಿತ್ತು. ಬಂದ ತಮ್ಮ ತನ್ನ ಹೆಂಡತಿಯ ಕಡೆಯವರಿಗೆ ದಾರಿಯಾದ. ಲಾಸ್ ಏಂಜಲೀಸ್‌ನ ಕೊರಿಯನ್ ಅಂಗಡಿ ಸಾಲುಗಳ ಹಿಂದಿನ ಅನೇಕ ಕುಟುಂಬಗಳ ಕಥೆ ಹೀಗೆ ಒಬ್ಬ ಹೆಣ್ಣುಮಗಳಿಂದ ಶುರುವಾಗುತ್ತದೆ. ಆ ಹೆಂಗಸರನ್ನು ಸಮುದಾಯವೇ ಬಹುಕಾಲ ಕೀಳಾಗಿ ಕಂಡಿತೆಂಬುದು ಬೇರೆ ಮಾತು.

ಇನ್ನೆರಡು ದಾರಿಗಳನ್ನು ಹೇಳಬೇಕು. ವೃತ್ತಿಪರರ ಆದ್ಯತೆಯ ಅಡಿಯಲ್ಲಿ ಕೊರಿಯಾದ ವೈದ್ಯರು, ನರ್ಸುಗಳು ಮತ್ತು ಔಷಧ ತಜ್ಞರು ದೊಡ್ಡ ಸಂಖ್ಯೆಯಲ್ಲಿ ಹೋದರು. 1976ರಲ್ಲಿ ವಿದೇಶಿ ವೈದ್ಯರಿಗೆ ನಿಯಮಗಳು ಬಿಗಿಯಾದ ಮೇಲೆ ಆ ದಾರಿ ಕಿರಿದಾಯಿತು, ಆದರೆ ಅಷ್ಟರಲ್ಲಿ ಅವರು ಬಂಧುಗಳಿಗಾಗಿ ಅರ್ಜಿ ಹಾಕಿಯಾಗಿತ್ತು. ಎರಡನೆಯದು ದತ್ತು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೊರಿಯಾ ವಿದೇಶಗಳಿಗೆ ದತ್ತು ಕೊಡುತ್ತಿತ್ತು, ಅವರಲ್ಲಿ ಬಹುಪಾಲು ಮಕ್ಕಳು ಅಮೆರಿಕಕ್ಕೆ. ಹಾಲುಗಲ್ಲದ ಕೂಸೂ ಅಂಕಿಅಂಶದಲ್ಲಿ ಒಬ್ಬ ವಲಸಿಗನೇ ಎಂಬುದನ್ನು ಆ ಕಾಲದ ಕೊರಿಯಾದ ಅಂಕಿಗಳನ್ನು ಓದುವಾಗ ಮರೆಯಬಾರದು.

ಕೊರಿಯಾ ಸರ್ಕಾರವೂ ಸುಮ್ಮನಿರಲಿಲ್ಲ. ಜನಸಂಖ್ಯೆಯ ಒತ್ತಡ ಇಳಿಯಲಿ, ವಿದೇಶಿ ಹಣ ಬರಲಿ ಎಂಬ ಲೆಕ್ಕಾಚಾರದಿಂದ 1962ರಲ್ಲಿ ವಲಸೆಯನ್ನು ಪ್ರೋತ್ಸಾಹಿಸುವ ಕಾಯ್ದೆಯನ್ನೇ ತಂದಿತು. ಪಶ್ಚಿಮ ಜರ್ಮನಿಯ ಗಣಿಗಳಿಗೆ ಕಾರ್ಮಿಕರನ್ನೂ ಆಸ್ಪತ್ರೆಗಳಿಗೆ ನರ್ಸುಗಳನ್ನೂ ಕಳಿಸಿದ್ದು ಆ ಕಾಲದ ನೀತಿಯೇ. ಇದೆಲ್ಲ ಸೇರಿ ಅಮೆರಿಕಕ್ಕೆ ಹೋಗುವ ಕೊರಿಯನ್ನರ ಸಂಖ್ಯೆ 1965ರಲ್ಲಿ ಎರಡು ಸಾವಿರದಷ್ಟು ಇದ್ದದ್ದು 1970ರ ದಶಕದ ಮಧ್ಯಕ್ಕೆ ವರ್ಷಕ್ಕೆ 30 ಸಾವಿರಕ್ಕೆ ಏರಿತು, 1987ರಲ್ಲಿ 35 ಸಾವಿರವನ್ನು ದಾಟಿತು. ದೇಶಕ್ಕೆ 20 ಸಾವಿರದ ಮಿತಿ ಇದ್ದಾಗ 35 ಸಾವಿರ ಹೇಗೆ ಎಂದು ಯಾರಾದರೂ ಕೇಳಬಹುದು. ಪ್ರಜೆಗಳ ಹತ್ತಿರದ ಬಂಧುಗಳು ಮಿತಿಯ ಹೊರಗೆ ಇದ್ದುದೇ ಅದಕ್ಕೆ ಉತ್ತರ.

ಆಮೇಲೆ ಇಳಿತ. 1987ರಲ್ಲಿ ಸೇನಾ ಆಡಳಿತ ಕೊನೆಗೊಂಡು ಪ್ರಜಾಪ್ರಭುತ್ವ ಬಂತು, 1988ರಲ್ಲಿ ಸೋಲ್ ಒಲಿಂಪಿಕ್ಸ್ ನಡೆಯಿತು, ಸಂಬಳಗಳು ಏರಿದವು. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಕೊರಿಯನ್ನರ ಅಂಗಡಿಗಳು ಉರಿದದ್ದನ್ನು ಸೋಲ್‌ನಲ್ಲಿದ್ದವರು ಟಿವಿಯಲ್ಲಿ ಕಂಡರು. 1990ರ ದಶಕದ ಕೊನೆಗೆ ಸಂಖ್ಯೆ 15 ಸಾವಿರಕ್ಕಿಂತ ಕೆಳಗೆ ಬಂದಿತ್ತು. ಅಲ್ಲಿಂದೀಚೆಗೆ ಹೋಗುವವರ ಬಗೆಯೇ ಬೇರೆ: ಮಕ್ಕಳ ಓದಿಗಾಗಿ ಹೋಗುವ ಕುಟುಂಬಗಳು, ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿ ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಪಡೆಯುವವರು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಪ್ರಮಾಣದ ಲೆಕ್ಕ ಮಾಡಿದಾಗ ಚೀನಾ ಮತ್ತು ಜಪಾನ್ ಒಂದೇ ಮಟ್ಟದಲ್ಲಿ ಬರುವುದು ನಿಜಕ್ಕೂ ಅಚ್ಚರಿಯ ಸಂಗತಿ. ಆದರೆ ಅಲ್ಲೇ ಒಂದು ತೊಡಕಿದೆ. ಜಪಾನ್ ಶ್ರೀಮಂತವಾದ್ದರಿಂದ ಅಲ್ಲಿನವರು ಹೋಗಲಿಲ್ಲ ಎನ್ನೋಣ. ಚೀನಾ ಆ ಮಟ್ಟದ ಶ್ರೀಮಂತ ದೇಶವಲ್ಲ, 1970ರ ದಶಕದ ಕೊನೆಯಿಂದ ಹೊರಗೆ ಹೋಗುವ ದಾರಿಯೂ ತೆರೆದಿದೆ, ಅಮೆರಿಕದಲ್ಲಿ ಬಂಧುಬಳಗವೂ ಇದೆ. ಹಾಗಿದ್ದರೆ ಚೀನಾದ ಪ್ರಮಾಣ ಕೊರಿಯಾದ ಹತ್ತಿರವಾದರೂ ಇರಬೇಕಿತ್ತಲ್ಲವೇ? ತೈವಾನಿನವರೂ ಭಾಷೆ, ಸಂಸ್ಕೃತಿಗಳಲ್ಲಿ ಚೀನೀಯರೇ. ಅವರ ಪ್ರಮಾಣ ಚೀನಾದ ಐದು ಪಟ್ಟು ಹೇಗಾಯಿತು?

ಉತ್ತರ 3

ನಿಮ್ಮ ಎರಡೂ ಪ್ರಶ್ನೆಗಳಿಗೆ ಒಂದೇ ಮಾತಿನ ಉತ್ತರವಿದೆ: ಪ್ರತಿ ದೇಶಕ್ಕೂ ಸಮಾನ ಮಿತಿ. ಈ ಮಿತಿ ದೇಶದ ಗಾತ್ರವನ್ನು ನೋಡುವುದಿಲ್ಲ. 1990ರ ಕಾಯ್ದೆಯ ಪ್ರಕಾರ ಕುಟುಂಬ ಮತ್ತು ಉದ್ಯೋಗದ ಆಧಾರದ ವೀಸಾಗಳಲ್ಲಿ ಯಾವ ದೇಶಕ್ಕೂ ಸಾಮಾನ್ಯವಾಗಿ ಶೇಕಡ 7ಕ್ಕಿಂತ ಹೆಚ್ಚು ಪಾಲು ಸಿಗುವಂತಿಲ್ಲ. ಒಟ್ಟು ಲೆಕ್ಕದಲ್ಲಿ ಅದು ವರ್ಷಕ್ಕೆ 26 ಸಾವಿರದ ಆಸುಪಾಸು. 140 ಕೋಟಿಯ ಚೀನಾಕ್ಕೂ 2.3 ಕೋಟಿಯ ತೈವಾನಿಗೂ ಇದೇ ಮಿತಿ. ಜಪಾನ್ ತನ್ನ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಚೀನಾ ಅದಕ್ಕೆ ಸದಾ ತಲೆ ತಾಗಿಸಿಕೊಂಡೇ ನಿಂತಿದೆ. ಎರಡು ದೇಶಗಳ ಪ್ರಮಾಣ ಒಂದೇ ಕಂಡರೂ ಒಂದು ಕಡೆ ಬೇಡಿಕೆಯೇ ಕಡಿಮೆ, ಇನ್ನೊಂದು ಕಡೆ ಬೇಡಿಕೆಯನ್ನು ಕಾನೂನು ಕಟ್ಟಿಹಾಕಿದೆ.

ಅದರ ಪರಿಣಾಮ ಸರದಿಯಲ್ಲಿ ಕಾಣುತ್ತದೆ. ಉದ್ಯೋಗದ ವರ್ಗಗಳಲ್ಲಿ ಚೀನಾದಲ್ಲಿ ಹುಟ್ಟಿದವರಿಗೆ ಪ್ರತ್ಯೇಕವಾದ, ಇತರರಿಗಿಂತ ಹಿಂದಿರುವ ಸರದಿಯ ದಿನಾಂಕವಿದೆ, ಹಾಗಾಗಿ ಅವರು ಹೆಚ್ಚು ಕಾಲ ಕಾಯಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಈಗಿನ ಪೌರತ್ವವಲ್ಲ. ಷಾಂಘೈನಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದವರು ಅರ್ಜಿ ಹಾಕಿದರೂ ಸಾಮಾನ್ಯವಾಗಿ ಚೀನಾದ ಸರದಿಯಲ್ಲೇ ನಿಲ್ಲಬೇಕು.

ಹಾಗಾದರೆ ವರ್ಷಕ್ಕೆ 60 ಸಾವಿರ ಹೇಗೆ ತಲುಪುತ್ತದೆ? ಮಿತಿಯ ಹೊರಗಿನ ದಾರಿಗಳಿಂದ. ಒಂದು, ಪ್ರಜೆಗಳ ಸಂಗಾತಿಗಳು ಮತ್ತು ತಂದೆತಾಯಿಯರು. ಓದಲು ಬಂದು ನೆಲೆ ನಿಂತ ಚೀನೀ ಎಂಜಿನಿಯರುಗಳು ಪೌರತ್ವ ಸಿಕ್ಕ ಮೇಲೆ ವಯಸ್ಸಾದ ತಂದೆತಾಯಿಯರನ್ನು ಕರೆಸಿಕೊಳ್ಳುವುದು ಬಹಳ ಸಾಮಾನ್ಯ. ಎರಡು, ಆಶ್ರಯ. ಬಹಳ ವರ್ಷಗಳ ಕಾಲ ಅಮೆರಿಕದಲ್ಲಿ ರಾಜಕೀಯ ಆಶ್ರಯ ಪಡೆದವರ ಪಟ್ಟಿಯಲ್ಲಿ ಚೀನೀಯರೇ ಮೊದಲಿಗರು. ಬಲವಂತದ ಗರ್ಭಪಾತ ಮತ್ತು ಸಂತಾನಹರಣವನ್ನು ಕಿರುಕುಳವೆಂದು ಒಪ್ಪಿದ 1996ರ ತಿದ್ದುಪಡಿ ಒಂದೇ ಮಗುವಿನ ನೀತಿಯಿಂದ ನೊಂದವರಿಗೆ ದಾರಿ ಮಾಡಿತು. ಮೂರು, ಹಿಂದೊಮ್ಮೆ ಬಂದ ವಿಶೇಷ ಕಾನೂನು. 1989ರಲ್ಲಿ ಬೀಜಿಂಗ್‌ನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ತಿಯಾನನ್ಮೆನ್ ಘಟನೆಯ ನಂತರ, ಆಗ ಅಮೆರಿಕದಲ್ಲಿದ್ದ ಚೀನೀ ವಿದ್ಯಾರ್ಥಿಗಳಿಗೆ 1992ರ ಒಂದು ಕಾಯ್ದೆ ನೇರವಾಗಿ ಕಾಯಂ ವಾಸದ ಅವಕಾಶ ಕೊಟ್ಟಿತು, 50 ಸಾವಿರಕ್ಕೂ ಹೆಚ್ಚು ಜನ ಅದರ ಪ್ರಯೋಜನ ಪಡೆದರು.

ಚೀನಾದ ದಾರಿ 1970ರ ದಶಕದ ಕೊನೆಗೆ ತೆರೆಯಿತು ಎಂದಿದ್ದೀರಿ, ಅದು ಅರ್ಧ ತೆರೆದದ್ದು. ಸುಧಾರಣೆ ಶುರುವಾದದ್ದು 1978ರಲ್ಲಿ, ಅಮೆರಿಕದೊಡನೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1979ರ ಜನವರಿಯಲ್ಲಿ. ಆದರೆ ಖಾಸಗಿ ಕಾರಣಗಳಿಗಾಗಿ ವಿದೇಶಕ್ಕೆ ಹೋಗುವುದನ್ನು ಪ್ರಜೆಗಳ ಹಕ್ಕಾಗಿ ಕಾನೂನು ಒಪ್ಪಿಕೊಂಡದ್ದು 1985ರಲ್ಲಿ. ಪಾಸ್‌ಪೋರ್ಟ್ ಸಾಮಾನ್ಯರ ಕೈಗೆಟುಕಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಕೊರಿಯನ್ನರಿಗೆ ಸಿಕ್ಕ ಮೊದಲ ಇಪ್ಪತ್ತು ವರ್ಷ ಚೀನಾದವರಿಗೆ ಸಿಗಲೇ ಇಲ್ಲ.

ಇನ್ನು ತೈವಾನ್. 1979ರವರೆಗೆ ಅಮೆರಿಕ ಮಾನ್ಯ ಮಾಡಿದ್ದ ಚೀನಾ ಎಂದರೆ ತೈವಾನಿನ ರಾಜಧಾನಿ ತೈಪೆಯಲ್ಲಿದ್ದ ಸರ್ಕಾರ. ಹಾಗಾಗಿ 1965ರ ಕಾಯ್ದೆ ಚೀನಾಕ್ಕೆಂದು ಕೊಟ್ಟ 20 ಸಾವಿರವನ್ನು ಮುಖ್ಯ ಭೂಭಾಗದಲ್ಲಿ ಹುಟ್ಟಿ ಕಮ್ಯುನಿಸ್ಟರು ಗೆದ್ದಾಗ ತೈವಾನಿಗೆ ಓಡಿಬಂದವರೂ ತೈವಾನಿನಲ್ಲೇ ಹುಟ್ಟಿದವರೂ ಬಳಸಿಕೊಂಡರು. ಬೀಜಿಂಗ್‌ಗೆ ಮಾನ್ಯತೆ ಕೊಟ್ಟ ಮೇಲೆ ಒಂದೇ ಮಿತಿಯಲ್ಲಿ ಇಬ್ಬರೂ ಪಾಲುದಾರರಾಗಬೇಕಾಗಿ ಬಂದಾಗ, 1981ರ ಕೊನೆಯಲ್ಲಿ ಅಮೆರಿಕದ ಸಂಸತ್ತು ತೈವಾನಿಗೆ ಪ್ರತ್ಯೇಕವಾಗಿ 20 ಸಾವಿರದ ಮಿತಿ ಕೊಟ್ಟಿತು. ರಾಜತಾಂತ್ರಿಕವಾಗಿ ದೇಶವೆಂದು ಒಪ್ಪದ ನಾಡಿಗೆ ವಲಸೆಯ ಲೆಕ್ಕದಲ್ಲಿ ದೇಶದ ಸ್ಥಾನ! ಸೇನಾ ಕಾನೂನು 1987ರವರೆಗೂ ಇದ್ದ, ಚೀನಾದ ದಾಳಿಯ ಭಯವೂ ಇದ್ದ ಆ ದ್ವೀಪದ ವಿದ್ಯಾವಂತರು ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡರು. ಅವರು ಬಂದು ನೆಲೆಸಿ ಕ್ಯಾಲಿಫೋರ್ನಿಯಾದ ಮಾಂಟೆರೇ ಪಾರ್ಕ್ ಪಟ್ಟಣದ ಚಹರೆಯೇ ಬದಲಾದದ್ದು ಆಗ. ಹರಿವು ಇಳಿದದ್ದೂ ಅವರ ಏಳಿಗೆಯಿಂದಲೇ. 1980ರಲ್ಲಿ ಸಿಂಚು ವಿಜ್ಞಾನ ಪಾರ್ಕ್, 1987ರಲ್ಲಿ ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿ ಆರಂಭವಾದ ಮೇಲೆ ಅಮೆರಿಕದಲ್ಲಿದ್ದ ಎಂಜಿನಿಯರುಗಳೇ ಮರಳಿ ಬರತೊಡಗಿದರು.

ಲಾಟರಿ ವೀಸಾದ ವಿಷಯವನ್ನೂ ಸೇರಿಸುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಕಡಿಮೆ ವಲಸಿಗರನ್ನು ಕಳಿಸಿದ ದೇಶಗಳಿಗೆ ಮೀಸಲಾದ ಈ ಯೋಜನೆಯಲ್ಲಿ ಚೀನಾದ ಮುಖ್ಯ ಭೂಭಾಗ ಮತ್ತು ದಕ್ಷಿಣ ಕೊರಿಯಾದಲ್ಲಿ ಹುಟ್ಟಿದವರಿಗೆ ಅವಕಾಶವಿಲ್ಲ. ಜಪಾನ್ ಮತ್ತು ತೈವಾನಿನವರಿಗೆ ಇದೆ. ಬಂಧುಗಳೂ ಬೇಡ, ಕಂಪನಿಯೂ ಬೇಡ, ಓದು ಅಥವಾ ಕೆಲಸದ ಅನುಭವದ ಕನಿಷ್ಠ ಅರ್ಹತೆಯಿದ್ದು ಲಾಟರಿಯಲ್ಲಿ ಹೆಸರು ಬಂದರೆ ವೀಸಾಕ್ಕೆ ಅವಕಾಶ ಸಿಗುತ್ತದೆ. ಅಷ್ಟು ಸುಲಭದ ದಾರಿಯಿದ್ದೂ ಜಪಾನಿನ ಪ್ರಮಾಣ ಏರಿಲ್ಲವೆಂದರೆ ಅಲ್ಲಿ ತಡೆ ಕಾನೂನಿನದಲ್ಲ ಎಂಬುದು ಖಚಿತ.

ಉತ್ತರ 4

ಇಲ್ಲಿಯವರೆಗಿನ ಚರ್ಚೆ ತುಂಬ ಉಪಯುಕ್ತವಾಗಿದೆ, ಆದರೂ ಎಲ್ಲರೂ ಒಪ್ಪಿಕೊಂಡಿರುವ ಒಂದು ಆಧಾರದ ಬಗ್ಗೆ ನನ್ನ ತಕರಾರಿದೆ. ‘ಚೀನೀಯರ ಪ್ರಮಾಣ’, ‘ಜಪಾನೀಯರ ಪ್ರಮಾಣ’ ಎಂಬುದು ಕಾಗದದ ಮೇಲಿನ ಸರಾಸರಿ. ವಲಸೆ ಹೋಗುವುದು ದೇಶಗಳಿಂದಲ್ಲ, ಕೆಲವೇ ಜಿಲ್ಲೆಗಳಿಂದ.

ಹತ್ತೊಂಬತ್ತನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಿಗೂ 1869ರಲ್ಲಿ ಮುಗಿದ ರೈಲು ಮಾರ್ಗದ ಕೆಲಸಕ್ಕೂ ಹೋದ ಚೀನೀಯರಲ್ಲಿ ಬಹುಪಾಲು ಜನ ಗುವಾಂಗ್‌ಡಾಂಗ್ ಪ್ರಾಂತದವರು, ಅದರಲ್ಲೂ ತೈಶಾನ್ ಮತ್ತು ಅದರ ಸುತ್ತಲಿನ ಕೆಲವು ಕೌಂಟಿಗಳವರು. ಚೀನಾದಲ್ಲಿ ಬಡ ಜಿಲ್ಲೆಗಳಿಗೆ ಆಗ ಬರವಿರಲಿಲ್ಲ. ತೈಶಾನ್‌ಗೆ ಇದ್ದದ್ದು ಹಾಂಗ್‌ಕಾಂಗ್ ಬಂದರಿನ ಸಾಮೀಪ್ಯ, ಮತ್ತು ಮೊದಲು ಹೋದವರು ಕಳಿಸಿದ ಹಣ ಹಾಗೂ ಸುದ್ದಿ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದಾಗ, ತಾವು ಅಲ್ಲೇ ಹುಟ್ಟಿದವರೆಂದು ಹೇಳಿಕೊಂಡು ಪೌರತ್ವ ಪಡೆದು, ಊರಿನಲ್ಲಿ ಇಲ್ಲದ ಮಕ್ಕಳನ್ನು ಕಾಗದದಲ್ಲಿ ಸೃಷ್ಟಿಸಿ ಬೇರೆ ಹುಡುಗರನ್ನು ಕರೆಸಿಕೊಂಡವರೂ ಈ ಜಾಲದವರೇ. ಬಹಿಷ್ಕಾರದ ಕಾಯ್ದೆ ಜಾರಿಯಲ್ಲಿದ್ದಾಗಲೂ ವಲಸೆ ನಿಲ್ಲಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಾನೂನನ್ನೇ ಮುಖ್ಯ ಕಾರಣವೆಂದು ಹೇಳಿದ ಮೇಲಿನವರು ಇದನ್ನು ಗಮನಿಸಬೇಕು.

1980ರ ನಂತರದ ಎರಡನೇ ಅಲೆಯದೂ ಇದೇ ಕಥೆ, ಜಿಲ್ಲೆ ಮಾತ್ರ ಬೇರೆ. ಫುಜಿಯಾನ್ ಪ್ರಾಂತದ ಫುಝೌ ಸುತ್ತಲಿನ ಹಳ್ಳಿಗಳಿಂದ ಕಳ್ಳದಾರಿಯ ದಲ್ಲಾಳಿಗಳಿಗೆ ಹತ್ತಾರು ಸಾವಿರ ಡಾಲರ್ ಸಾಲ ಮಾಡಿ ಕೊಟ್ಟು ಜನ ನ್ಯೂಯಾರ್ಕಿಗೆ ಬಂದರು. 1993ರ ಜೂನ್‌ನಲ್ಲಿ ಗೋಲ್ಡನ್ ವೆಂಚರ್ ಹಡಗು ನ್ಯೂಯಾರ್ಕಿನ ದಡಕ್ಕೆ ಸಿಕ್ಕಿಕೊಂಡಾಗ ಅದರಲ್ಲಿದ್ದ 286 ಜನರಲ್ಲಿ ಬಹುಪಾಲು ಫುಜಿಯಾನಿನವರು. ಹತ್ತು ಜನ ಸತ್ತರು. ಅದೇ ಹೊತ್ತಿಗೆ ಪಕ್ಕದ ಝೆಜಿಯಾಂಗ್ ಪ್ರಾಂತದ ವೆಂಝೌ ಜನ ಹೋದದ್ದು ಇಟಲಿಯ ಪ್ರಾಟೊ ಪಟ್ಟಣದ ಬಟ್ಟೆ ಕಾರ್ಖಾನೆಗಳಿಗೆ. ಒಂದೇ ಪಾಸ್‌ಪೋರ್ಟು, ಒಂದೇ ಸರ್ಕಾರ, ಗುರಿ ಮಾತ್ರ ಎರಡು ಖಂಡ. ಜಪಾನಿನಲ್ಲೂ ಹವಾಯಿಗೆ ಹೋದವರು ಹಿರೋಶಿಮಾ, ಯಾಮಗುಚಿ, ಕುಮಮೊಟೊ, ಫುಕುವೊಕ ಮತ್ತು ಒಕಿನಾವಾದವರೇ ಹೆಚ್ಚು. ಟೋಕಿಯೊದ ಉತ್ತರದಲ್ಲಿ ಅಷ್ಟೇ ಬಡತನವಿದ್ದ ತೋಹೊಕು ಸೀಮೆ ಆ ಪಟ್ಟಿಯಲ್ಲಿ ಬಹಳ ಹಿಂದೆ.

ಹಾಂಗ್‌ಕಾಂಗ್‌ನ ಪ್ರಸ್ತಾಪವನ್ನೇ ಯಾರೂ ಮಾಡಿಲ್ಲ. ಅಲ್ಲಿ ಬಡತನದ ಪ್ರಶ್ನೆಯೇ ಇರಲಿಲ್ಲ. 1984ರ ಬ್ರಿಟನ್–ಚೀನಾ ಜಂಟಿ ಘೋಷಣೆ ಮತ್ತು 1989ರ ತಿಯಾನನ್ಮೆನ್ ಘಟನೆಯ ನಂತರ, 1997ರಲ್ಲಿ ಬ್ರಿಟನ್ನಿನಿಂದ ಚೀನಾಕ್ಕೆ ಆಗಲಿದ್ದ ಹಸ್ತಾಂತರಕ್ಕೆ ಹೆದರಿದ ಉಳ್ಳವರು ಊರು ಬಿಟ್ಟರು. 1992ರ ಒಂದೇ ವರ್ಷದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ. ಅವರು ಹೆಚ್ಚಾಗಿ ಹೋದದ್ದು ಅಮೆರಿಕಕ್ಕಲ್ಲ, ಕೆನಡಾದ ವ್ಯಾಂಕೂವರ್ ಮತ್ತು ಟೊರೊಂಟೊಗಳಿಗೆ, ಏಕೆಂದರೆ ಕೆನಡಾ 1967ರಿಂದ ದೇಶವಾರು ಮಿತಿಯಿಲ್ಲದೆ ಓದು ಮತ್ತು ವೃತ್ತಿಗೆ ಅಂಕ ಕೊಟ್ಟು ಜನರನ್ನು ಆರಿಸುತ್ತಿತ್ತು, ಬಂಡವಾಳ ತರುವವರಿಗೂ ಬೇರೆ ದಾರಿಯಿತ್ತು. ಹಾಂಗ್‌ಕಾಂಗ್ ಮೇಲೆ ಚೀನಾ ಹೇರಿದ 2020ರ ರಾಷ್ಟ್ರೀಯ ಭದ್ರತಾ ಕಾನೂನಿನ ನಂತರ ಇನ್ನೊಮ್ಮೆ ಹೊರಟಾಗ ಬ್ರಿಟನ್ 2021ರಲ್ಲಿ ವಿಶೇಷ ವೀಸಾ ತೆರೆದದ್ದರಿಂದ ಅಲ್ಲಿಗೆ ಹೋದರು. ಅಮೆರಿಕದ ಅಂಕಿಗಳನ್ನು ಮಾತ್ರ ನೋಡಿದವರಿಗೆ ಹಾಂಗ್‌ಕಾಂಗ್‌ನಿಂದ ಜನ ಹೊರಟದ್ದೇ ಗೊತ್ತಾಗುವುದಿಲ್ಲ.

ಉತ್ತರ 1 ಬರೆದವರ ಪ್ರತಿಕ್ರಿಯೆ

ಜಿಲ್ಲೆಗಳ ಮಾತು ಸರಿಯಾದದ್ದೇ, ಅದು ನನ್ನ ವಾದಕ್ಕೆ ವಿರುದ್ಧವೆಂದು ಅನಿಸುವುದಿಲ್ಲ. ಯಾವ ಊರಿನವರು ಹೋಗುತ್ತಾರೆಂಬುದನ್ನು ಬಂಧುಗಳ ಜಾಲ ತೀರ್ಮಾನಿಸುತ್ತದೆ. ಎಷ್ಟು ಜನ ಹೋಗುತ್ತಾರೆಂಬುದನ್ನು ಬಹುಮಟ್ಟಿಗೆ ಕಾನೂನು ತೀರ್ಮಾನಿಸುತ್ತದೆ. ಸುಳ್ಳು ಕಾಗದದ ಮಕ್ಕಳು ಬಂದದ್ದು ನಿಜ, ಆದರೂ ಬಹಿಷ್ಕಾರದ ದಶಕಗಳಲ್ಲಿ ಅಮೆರಿಕದ ಚೀನೀ ಜನಸಂಖ್ಯೆ ಏರಲಿಲ್ಲ, ಇಳಿಯಿತು: 1890ರ ಜನಗಣತಿಯಲ್ಲಿ ಲಕ್ಷಕ್ಕೂ ಹೆಚ್ಚಿದ್ದದ್ದು 1920ರಲ್ಲಿ 62 ಸಾವಿರದಷ್ಟಾಯಿತು.

ಜಪಾನಿನ ಇಂದಿನ ಸ್ಥಿತಿಯ ಬಗ್ಗೆ ಸ್ವಲ್ಪ ಸೇರಿಸಬೇಕು. ಅಮೆರಿಕದಲ್ಲಿ ಕಾಣುವ ಜಪಾನೀಯರಲ್ಲಿ ಅನೇಕರು ಕಂಪನಿಯ ವರ್ಗಾವಣೆಯ ಮೇಲೆ ಬಂದು ಕೆಲವು ವರ್ಷಗಳ ನಂತರ ಮರಳುವವರು. ಅವರು ಗ್ರೀನ್ ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಕಂಪನಿಗಳು ಕಾಲೇಜು ಮುಗಿಸುವ ವರ್ಷದಲ್ಲೇ ಒಟ್ಟಾಗಿ ನೇಮಕ ಮಾಡುವ ಪದ್ಧತಿ ಇರುವುದರಿಂದ, ಆ ಹೊತ್ತಿನಲ್ಲಿ ವಿದೇಶದಲ್ಲಿದ್ದವರು ಊರಿನ ಒಳ್ಳೆಯ ಕೆಲಸ ಕಳೆದುಕೊಳ್ಳುವ ಅಪಾಯವಿದೆ. ಕಾಯಂ ಆಗಿ ಹೊರಗೆ ನೆಲೆಸಿದ ಜಪಾನೀ ಪ್ರಜೆಗಳಲ್ಲಿ ಮಹಿಳೆಯರೇ ಹೆಚ್ಚು ಎಂಬುದು ಗಮನಿಸಬೇಕಾದ ಸಂಗತಿ. ಆ ಉದ್ಯೋಗ ಪದ್ಧತಿಯಲ್ಲಿ ಮೇಲೇರುವ ಅವಕಾಶ ಅವರಿಗೆ ಕಡಿಮೆ, ಆದ್ದರಿಂದ ಬಿಟ್ಟುಹೋಗುವುದರಲ್ಲಿ ಅವರು ಕಳೆದುಕೊಳ್ಳುವುದೂ ಕಡಿಮೆ. ಹಾಗೆ ನೆಲೆಸಿದವರ ಒಟ್ಟು ಸಂಖ್ಯೆ ಜಗತ್ತಿನಾದ್ಯಂತ ಏರುತ್ತ ಬಂದು 2023ರಲ್ಲಿ ಸುಮಾರು 5.7 ಲಕ್ಷ ತಲುಪಿದೆ. 2022ರಿಂದ ಯೆನ್ ಕುಸಿದ ಮೇಲೆ ದುಡಿಯಲು ಹೊರಟ ಯುವಕರಲ್ಲಿ ಅನೇಕರು ಆಸ್ಟ್ರೇಲಿಯಾವನ್ನು ಆರಿಸಿಕೊಂಡರು, ಏಕೆಂದರೆ ಓಡಾಡುತ್ತ ದುಡಿಯಲು ಅವಕಾಶ ಕೊಡುವ ವರ್ಕಿಂಗ್ ಹಾಲಿಡೇ ಒಪ್ಪಂದ ಜಪಾನಿಗೆ ಆಸ್ಟ್ರೇಲಿಯಾದೊಡನೆ ಇದೆ, ಅಮೆರಿಕದೊಡನೆ ಇಲ್ಲ.